ಶಿಕಾಗೊ ಬ್ಲೂಸ್ ಉತ್ಸವಕ್ಕೆ ಹೋಗುವವರು ದಯವಿಟ್ಟು ಮಧ್ಯಾಹ್ನವೇ ಹೋಗಿ

ಸರೋವರದ ದಂಡೆ (ನೇಪರ್‌ವಿಲ್) | ಮೇ 17, ರಾತ್ರಿ 9:40

ಜೂನ್ ಹತ್ತಿರ ಬಂತು ಅಂದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: “ಬ್ಲೂಸ್ ಫೆಸ್ಟ್‌ಗೆ ಯಾರ್ಯಾರು ಹೋಗ್ತಿದ್ದೀರಿ? ದೊಡ್ಡವರು ಎಷ್ಟು ಗಂಟೆಗೆ ಹಾಡ್ತಾರೆ?” ರಾತ್ರಿ ಎಂಟಕ್ಕೆ ಹೋಗಿ, ದೂರದ ಹುಲ್ಲಿನ ಮೇಲೆ ಕೂತು, ಫೋಟೊ ತೆಗೆದು, ಪಾರ್ಕಿಂಗ್‌ನಿಂದ ಕಾರು ಹೊರಗೆ ತೆಗೆಯೋದು ಕಷ್ಟ ಅಂತ ಕೊನೆಯ ಹಾಡಿಗೆ ಮುಂಚೆಯೇ ಎದ್ದು ಬರುತ್ತೇವೆ. ಇಲ್ಲಿಗೆ ಬಂದ ಮೊದಲ ಆರು ವರ್ಷ ನಾನೂ ಹಾಗೇ ಮಾಡಿದೆ. ಏನು ಕಳೆದುಕೊಂಡೆ ಅಂತ ಏಳನೇ ವರ್ಷ ತಿಳಿಯಿತು. ಅದಕ್ಕೇ ಈ ಸಲ ಮೂರು ವಾರ ಮುಂಚೆ ಬರೆಯುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ಬ್ಲೂಸ್ ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಸಂಪ್ರದಾಯ. ಶಿಕಾಗೊ ಬ್ಲೂಸ್‌ನ ದೊಡ್ಡ ಗಾಯಕ ಮಡ್ಡಿ ವಾಟರ್ಸ್ ತೀರಿಕೊಂಡಿದ್ದು 1983ರ ಏಪ್ರಿಲ್ 30ರಂದು. ಮರುವರ್ಷ ಜೂನ್‌ನಲ್ಲಿ ನಗರಾಡಳಿತವೇ ಗ್ರಾಂಟ್ ಪಾರ್ಕಿನಲ್ಲಿ ಈ ಉತ್ಸವ ಶುರುಮಾಡಿತು. 2017ರಲ್ಲಿ ಪಕ್ಕದ ಮಿಲೇನಿಯಂ ಪಾರ್ಕಿಗೆ ಬಂತು. ಟಿಕೆಟ್ ಇಲ್ಲ. ರಾತ್ರಿಯ ಕಛೇರಿ ಪ್ರಿಟ್ಜ್‌ಕರ್ ಪೆವಿಲಿಯನ್‌ನಲ್ಲಿ: ನಾಲ್ಕು ಸಾವಿರ ಕುರ್ಚಿ, ಹಿಂದೆ ಏಳು ಸಾವಿರ ಜನ ಕೂರುವಷ್ಟು ಹುಲ್ಲುಹಾಸು, ತಲೆಯ ಮೇಲೆ ಉಕ್ಕಿನ ಜಾಲರಿಯಿಂದ ಇಳಿಬಿಟ್ಟ ಸ್ಪೀಕರುಗಳು. ಎಲ್ಲರಿಗೂ ಗೊತ್ತಿರುವುದು ಇಷ್ಟೇ. ಹಗಲಲ್ಲಿ ಪಾರ್ಕಿನ ಬದಿಗಳಲ್ಲಿ ಸಣ್ಣ ವೇದಿಕೆಗಳು ಇರುತ್ತವೆ. ದಕ್ಷಿಣದ ಮಿಸಿಸಿಪ್ಪಿ ರಾಜ್ಯದ ಕಡೆಯ ಸಂಗೀತಕ್ಕೇ ಒಂದು ಮೀಸಲು. ನನ್ನ ಮಟ್ಟಿಗೆ ಉತ್ಸವ ಅಂದರೆ ಆ ಸಣ್ಣ ವೇದಿಕೆಗಳೇ.

ಆ ಏಳನೇ ವರ್ಷ ಮಧ್ಯಾಹ್ನ ಒಂದೂವರೆಗೆ, ಬಿಸಿಲು ಸುಡುತ್ತಿದ್ದಾಗ, ವೇದಿಕೆಯಿಂದ ಎಂಟು ಅಡಿ ದೂರದಲ್ಲಿ ಕೂತಿದ್ದೆ. ಹಾರ್ಮೋನಿಕಾದವರಿಗೆ ಎಪ್ಪತ್ತರ ಮೇಲಿರಬೇಕು. ಪಕ್ಕದ ಸ್ಟೂಲಿನ ಮೇಲೆ ಚರ್ಮದ ಪೆಟ್ಟಿಗೆ, ಅದರೊಳಗೆ ಬೇರೆಬೇರೆ ಶ್ರುತಿಯ ಹಾರ್ಮೋನಿಕಾಗಳು ಬಾಚಣಿಗೆಗಳ ಹಾಗೆ ಸಾಲಾಗಿ. ಒಂದನ್ನು ತೆಗೆದು, ಅಂಗೈಗೆ ಎರಡು ಸಲ ತಟ್ಟಿ, ಕರವಸ್ತ್ರದಲ್ಲಿ ಒರೆಸಿ, ಮೈಕನ್ನೂ ಅದನ್ನೂ ಒಟ್ಟಿಗೆ ಎರಡು ಕೈಯ ಬೊಗಸೆಯಲ್ಲಿ ಮುಚ್ಚಿಕೊಂಡರು. ಬೊಗಸೆ ಬಿಗಿಯಾದರೆ ನಾದ ಗುಹೆಯೊಳಗಿಂದ ಬಂದ ಹಾಗೆ ಮಂದ. ಬೆರಳು ಒಂದೊಂದೇ ಬಿಚ್ಚಿದರೆ ಅದೇ ಸ್ವರ ಅಳುವ ಮಗುವಿನ ಹಾಗೆ ಬಾಯಿ ಬಿಡುತ್ತದೆ. ಅದನ್ನು ಕಣ್ಣಿನಿಂದ ನೋಡಬೇಕು. ದೂರದ ಹುಲ್ಲಿನ ಮೇಲೆ ಕೂತವರಿಗೆ ಬರೀ ಸದ್ದು ತಲುಪುತ್ತದೆ, ಆ ಬೆರಳುಗಳು ತಲುಪುವುದಿಲ್ಲ.

ಮಧ್ಯಾಹ್ನವೇ ಹೋಗಿ. ಹತ್ತಿರ ಕೂತುಕೊಳ್ಳಿ.

ಶನಿವಾರ ಸಂಜೆ | ಮೇ 17, ರಾತ್ರಿ 10:25

ಬರಹ ಇಷ್ಟ ಆಯ್ತು ಮೇಡಂ, ಆದರೆ ನನ್ನ ಅನುಭವ ಬೇರೆ. ಎರಡು ವರ್ಷದ ಹಿಂದೆ ಹೋಗಿದ್ದೆ. ಎಲ್ಲ ಹಾಡೂ ಒಂದೇ ಥರ ಕೇಳಿಸಿತು. ಅದೇ ಸುತ್ತು, ಅದೇ ಗಿಟಾರ್. ಒಂದು ಗಂಟೆ ಆದಮೇಲೆ ಹೊಸದೇನೂ ಸಿಗಲಿಲ್ಲ. ಜಾಝ್ ಆದರೆ ಕೂತು ಕೇಳುತ್ತೇನೆ, ಅದರಲ್ಲಿ ಮನೋಧರ್ಮ (ನುಡಿಸುತ್ತಲೇ ಹುಟ್ಟುವ ಕಲ್ಪನೆ) ಇದೆ. ಬ್ಲೂಸ್‌ನಲ್ಲಿ ಏನು ಹಿಡಿದುಕೊಂಡು ಕೇಳಬೇಕು? ವಾದಕ್ಕಲ್ಲ, ನಿಜವಾಗಿ ಕೇಳ್ತಿದ್ದೀನಿ.

ಖಂಡಛಾಪು (ಬೆಂಗಳೂರು) | ಮೇ 18, ಬೆಳಿಗ್ಗೆ 7:15

ನಾನು ಮೃದಂಗ ಕಲಿಯುವವನು, ಶಿಕಾಗೊ ನೋಡಿಲ್ಲ. ಆದರೆ ಕಾಲೇಜಿನಲ್ಲಿ ಬ್ಲೂಸ್ ಬ್ಯಾಂಡಿನ ಜೊತೆ ಎರಡು ವರ್ಷ ನುಡಿಸಿದ್ದೀನಿ. ಸಾರ್ ಕೇಳಿದ್ದಕ್ಕೆ ನನಗೆ ಅರ್ಥವಾದ ರೀತಿಯಲ್ಲಿ ಹೇಳ್ತೀನಿ.

ಬ್ಲೂಸ್ ಹಾಡಿನ ಒಂದು ಸುತ್ತು ಅಂದರೆ ಹನ್ನೆರಡು ಬಾರ್ (ತಾಳದ ಅಳತೆ), ಬಾರಿಗೆ ನಾಲ್ಕು ಎಣಿಕೆ, ಒಟ್ಟು 48. ಇದನ್ನು ಒಂದು ಆವರ್ತನ ಅಂದುಕೊಳ್ಳಿ. ಮೊದಲ ನಾಲ್ಕು ಬಾರ್ ಷಡ್ಜದ ಮನೆಯಲ್ಲಿ. ಆಮೇಲೆ ಎರಡು ಬಾರ್ ಮಧ್ಯಮಕ್ಕೆ ಹೋಗುತ್ತೆ, ಎರಡು ಬಾರ್ ಮತ್ತೆ ಷಡ್ಜಕ್ಕೆ ಬರುತ್ತೆ. ನಂತರ ಪಂಚಮ ಒಂದು, ಮಧ್ಯಮ ಒಂದು, ಕೊನೆಯ ಎರಡು ಬಾರ್ ಷಡ್ಜ. ನಮ್ಮಲ್ಲಿ ತಂಬೂರಿ ಅಲ್ಲಾಡೋದೇ ಇಲ್ಲ, ಗಾಯಕರು ಓಡಾಡ್ತಾರೆ. ಅಲ್ಲಿ ಕಾಲ ಕೆಳಗಿನ ನೆಲವೇ ಜರುಗುತ್ತೆ. ಗಾಯಕಿ ಅದೇ ಸ್ವರ ಹಿಡಿದು ನಿಂತಿದ್ದರೂ ಕೆಳಗೆ ಮಧ್ಯಮ ಬಂದ ಕೂಡಲೇ ಆ ಸ್ವರದ ಬಣ್ಣ ಬದಲಾಗುತ್ತೆ. ಒಂದು ಸಲ ಇದು ಕಿವಿಗೆ ಬಿದ್ದರೆ ‘ಒಂದೇ ಥರ’ ಅನ್ನಿಸಲ್ಲ ಸಾರ್.

ಇನ್ನು ತಾಳ. ತಕಿಟ ತಕಿಟ ತಕಿಟ ತಕಿಟ ಅಂತ ತಿಸ್ರ ನಡೆ ಹಾಕಿ. ನಡುವಿನ ‘ಕಿ’ ನುಂಗಿಬಿಡಿ. ತ‑ಟ ತ‑ಟ ತ‑ಟ ತ‑ಟ. ಬ್ಲೂಸ್‌ನ ಈ ತೂಗುವ ಲಯವೇ ಶಫಲ್. ಚೆನ್ನಾಗಿ ನುಡಿಸುವ ಡ್ರಮ್ಮರ್ ಆ ‘ಟ’ವನ್ನು ಕೂದಲೆಳೆಯಷ್ಟು ತಡಮಾಡ್ತಾನೆ. ಬರೆಯೋಕೆ ಆಗದ ಅಷ್ಟು ತಡ. ನಾನು ಎರಡು ವರ್ಷದಲ್ಲಿ ಅದನ್ನು ಸರಿಯಾಗಿ ಹಿಡಿದದ್ದು ನಾಲ್ಕೈದು ಸಲ ಇರಬಹುದು.

ಗಾಂಧಾರವನ್ನು ಗಮನಿಸಿ. ಸಾಧಾರಣಕ್ಕೂ (ಕೆಳಗಿನ ಗ) ಅಂತರಕ್ಕೂ (ಮೇಲಿನ ಗ) ಮಧ್ಯೆ ಎಲ್ಲೋ ಹಾಡ್ತಾರೆ, ಗಿಟಾರಿನ ತಂತಿಯನ್ನು ಅಡ್ಡಕ್ಕೆ ಎಳೆದು ಅಲ್ಲಿಗೇ ಮುಟ್ಟಿಸ್ತಾರೆ. ಗಮಕ ಕೇಳಿ ಬೆಳೆದ ಕಿವಿ ನಮ್ಮದು. ನಮಗೆ ಅದು ಬೇಗ ಸಿಗಬೇಕು.

ಸರೋವರದ ದಂಡೆ | ಮೇ 18, ಬೆಳಿಗ್ಗೆ 8:02

ಖಂಡಛಾಪು, ಹನ್ನೆರಡು ವರ್ಷದಿಂದ ಕೇಳ್ತಿದ್ದೀನಿ, ‘ನೆಲವೇ ಜರುಗುತ್ತೆ’ ಅನ್ನೋದನ್ನ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಸಾಹಿತ್ಯದ ಬಗ್ಗೆ ಒಂದು ಸೇರಿಸ್ತೀನಿ. ಸಾಮಾನ್ಯವಾಗಿ ಮೂರು ಸಾಲು. ಮೊದಲನೆಯದನ್ನೇ ಎರಡನೇ ಸಲ ಹಾಡ್ತಾರೆ, ಮೂರನೆಯದು ಅದಕ್ಕೆ ಉತ್ತರ. ಸಾಲು ಮುಗಿದ ಮೇಲೆ ಉಳಿಯುವ ಜಾಗದಲ್ಲಿ ಗಿಟಾರೋ ಹಾರ್ಮೋನಿಕಾವೋ ಮಾತಾಡುತ್ತೆ. ಮನೋಧರ್ಮ ಇರೋದು ಅಲ್ಲೇ. ಆ ಎರಡು ಬಾರ್ ಜಾಗದಲ್ಲಿ.

ಗದಗಿನಾಂವ (ಅರೋರಾ) | ಮೇ 18, ಮಧ್ಯಾಹ್ನ 12:30

ಮೂರು ಸಾಲು ಅಂದ್ರಿ, ತಟ್ಟನೆ ನಮ್ಮ ತ್ರಿಪದಿ ನೆನಪಾತ್ರಿ ಅಕ್ಕಾರ. ಬೀಸೋ ಪದ, ಕುಟ್ಟೋ ಪದ ಎಲ್ಲಾ ಮೂರು ಸಾಲಿನವ. ಹಾಡೂ ಮುಂದ ಎರಡನೇ ಸಾಲು ತಿರುಗಿಸಿ ಹಾಡತಾರ, ಆಮ್ಯಾಲ ಮೂರನೇದಕ್ಕ ಹೋಗತಾರ. ಅದೂ ಹೊಟ್ಟ್ಯಾಗಿನ ಸಂಕಟ, ಇದೂ ಅದ.

ನಮ್ಮವ್ವ ಊರಿಂದ ಬಂದಾಳ್ರಿ, ಅಗಸ್ಟ್ ತನಕ ಇರತಾಳ. ವಯಸ್ಸು ಎಪ್ಪತ್ತೊಂದು. ಇಂಗ್ಲಿಷ್ ಬರಂಗಿಲ್ಲ. ಬೀಸೋ ಪದ ಆಕಿ ಬಾಯಾಗ ಇನ್ನೂ ಅದಾವ. ಕರಕೊಂಡು ಬಂದ್ರ ಬ್ಯಾಸರ ಆಗಂಗಿಲ್ಲೇನ್ರಿ? ಬಿಸಿಲಾಗ ಕುಂದ್ರಾಕ ಆಗತದೇನು? ಮತ್ತ ಪುಕ್ಕಟ ಯಾಕ ಇಟ್ಟಾರ, ಈ ದೇಶದಾಗ ಯಾವುದೂ ಪುಕ್ಕಟ ಇರಂಗಿಲ್ಲಲ್ಲ?

ಸರೋವರದ ದಂಡೆ | ಮೇ 18, ರಾತ್ರಿ 9:10

ಅಣ್ಣ, ಖಂಡಿತ ಕರೆದುಕೊಂಡು ಬನ್ನಿ. ಪೆವಿಲಿಯನ್ ಕುರ್ಚಿಗಳಿಗೆ ಬೆನ್ನಾಸರೆ ಇದೆ. ಬಿಸಿಲಿಗೆ ಟೋಪಿ, ಒದ್ದೆ ಟವೆಲ್, ನೀರು ಇಟ್ಟುಕೊಳ್ಳಿ. ಸಂಜೆ ಸರೋವರದ ಗಾಳಿ ತಣ್ಣಗಿರುತ್ತೆ, ಶಾಲು ಮರೀಬೇಡಿ. ಅರೋರಾದಿಂದ ಮೆಟ್ರಾ ರೈಲು ನೇರ ಯೂನಿಯನ್ ಸ್ಟೇಷನ್‌ಗೆ ಬರುತ್ತೆ. ಅಲ್ಲಿಂದ ಅಮ್ಮನಿಗೆ ನಡೆಯೋಕೆ ದೂರ, ಟ್ಯಾಕ್ಸಿ ಹಿಡೀರಿ.

ಪುಕ್ಕಟೆ ಯಾಕೆ ಅನ್ನೋದಕ್ಕೆ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಈ ಸಂಗೀತ ಶಿಕಾಗೊದಲ್ಲಿ ಹುಟ್ಟಿದ್ದಲ್ಲ, ರೈಲಿನಲ್ಲಿ ಬಂದದ್ದು. ದಕ್ಷಿಣದಲ್ಲಿ ಹತ್ತಿ ಹೊಲದ ಗೇಣಿ ಸಾಲ, ಹೊಡೆದು ನೇತುಹಾಕುವ ಭಯ. ಅದನ್ನು ಬಿಟ್ಟು 1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ಉತ್ತರಕ್ಕೂ ಪಶ್ಚಿಮಕ್ಕೂ ಹೊರಟರು. ಶಿಕಾಗೊದಲ್ಲಿ 1910ರಲ್ಲಿ ಅವರ ಸಂಖ್ಯೆ 44 ಸಾವಿರ. 1930ಕ್ಕೆ 2 ಲಕ್ಷ 34 ಸಾವಿರ. ಮಿಸಿಸಿಪ್ಪಿಯಿಂದ ಬಂದವರಲ್ಲಿ ಬಹಳಷ್ಟು ಜನರನ್ನು ತಂದದ್ದು ಇಲಿನಾಯ್ ಸೆಂಟ್ರಲ್ ರೈಲು. ಆ ರೈಲಿನ ದೊಡ್ಡ ನಿಲ್ದಾಣ ಇದ್ದದ್ದು ಎಲ್ಲಿ ಗೊತ್ತಾ? ಗ್ರಾಂಟ್ ಪಾರ್ಕಿನ ದಕ್ಷಿಣದ ತುದಿಯಲ್ಲಿ. 1974ರಲ್ಲಿ ಕೆಡವಿದರು. ಹತ್ತು ವರ್ಷ ಆದಮೇಲೆ ಅದೇ ಪಾರ್ಕಿನಲ್ಲಿ ಉತ್ಸವ. ಈಗಿನ ಮಿಲೇನಿಯಂ ಪಾರ್ಕ್ ಇರುವುದಂತೂ ಅದೇ ಕಂಪನಿಯ ಹಳೆಯ ರೈಲು ಯಾರ್ಡಿನ ಮೇಲೇ. ನಾವು ಜಮಖಾನ ಹಾಸುವ ಹುಲ್ಲಿನ ಕೆಳಗೆ ಇವತ್ತಿಗೂ ಹಳಿ ಇದೆ, ರೈಲು ಓಡುತ್ತೆ.

ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಕಡೆಯ ಸ್ಟೋವಲ್ ತೋಟ ಬಿಟ್ಟು ಬಂದವರು. ಹಗಲು ಕಾಗದದ ಕಾರ್ಖಾನೆಯಲ್ಲಿ ಕೆಲಸ, ರಾತ್ರಿ ಹಾಡು. ಊರಲ್ಲಿ ಜಗುಲಿ ಮೇಲೆ ಕೂತು ನುಡಿಸುತ್ತಿದ್ದ ಗಿಟಾರ್ ಇಲ್ಲಿನ ಹೋಟೆಲಿನ ಗದ್ದಲದಲ್ಲಿ ಕೇಳಿಸಲಿಲ್ಲ, ಅದಕ್ಕೇ ಕರೆಂಟಿನ ಗಿಟಾರ್ ಬಂತು. ‘ಶಿಕಾಗೊ ಬ್ಲೂಸ್’ ಅಂತ ನಾವು ಕರೆಯೋದು ಹಾಗೆ ಗದ್ದಲದ ಮೇಲೆ ದನಿ ಎತ್ತಿದ ಹಳ್ಳಿ ಹಾಡನ್ನೇ. ಕ್ಲಬ್ಬಿನಲ್ಲಿ ಜಾಗ ಸಿಗದವರು ಭಾನುವಾರ ಮ್ಯಾಕ್ಸ್‌ವೆಲ್ ಬೀದಿಯ ಸಂತೆಯಲ್ಲಿ, ಪಕ್ಕದ ಮನೆಯಿಂದ ವೈರ್ ಎಳೆದು, ಆ ಮನೆಯವರಿಗೆ ಕರೆಂಟಿನ ಕಾಸು ಕೊಟ್ಟು ನುಡಿಸುತ್ತಿದ್ದರು. ಕೇಳುಗರು ತರಕಾರಿ ಚೀಲ ಹಿಡಿದೇ ನಿಂತು ಕೇಳಿದರು. ಸಂತೆ 1994ರಲ್ಲಿ ಆ ಜಾಗ ಬಿಟ್ಟಿತು. ಉತ್ಸವಕ್ಕೆ ಬಾಗಿಲು ಇಟ್ಟು ಟಿಕೆಟ್ ಹರಿದರೆ ಆ ಚೀಲ ಹಿಡಿದವರ ಮೊಮ್ಮಕ್ಕಳೇ ಹೊರಗೆ ಉಳಿಯುತ್ತಾರೆ. ಪುಕ್ಕಟೆ ಇರಬೇಕು ಅಂತ ನಾನು ಗಟ್ಟಿಯಾಗಿ ನಂಬಿರೋದು ಇದಕ್ಕೇ.

ಹೋದ ವರ್ಷ ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ನೇರಳೆ ಟೋಪಿ, ಊರುಗೋಲು. ಮಾತಿಗೆ ಮಾತು ಬಂದು, ತಾನು ಆರು ವರ್ಷದವಳಿದ್ದಾಗ ತಾಯಿ ಜೊತೆ ಆ ರೈಲಿನಲ್ಲಿ ಬಂದೆ ಅಂದರು. ಊಟದ ಬೋಗಿಯಲ್ಲಿ ಕಪ್ಪು ಜನ ಎಲ್ಲರಂತೆ ಕೂತು ಉಣ್ಣುವ ಹಾಗಿರಲಿಲ್ಲ. ಅದಕ್ಕೇ ಶೂ ತರುವ ರಟ್ಟಿನ ಡಬ್ಬಿಯಲ್ಲಿ ಕರಿದ ಕೋಳಿ, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಬರುತ್ತಿದ್ದರಂತೆ. ಡಬ್ಬಿ ತಾಯಿಯ ತೊಡೆಯ ಮೇಲಿತ್ತು, ಎಣ್ಣೆ ಇಳಿದು ರಟ್ಟು ಕಪ್ಪಾಗಿತ್ತು ಅಂದರು. ಊರುಗೋಲು ಎತ್ತಿ ದಕ್ಷಿಣಕ್ಕೆ ತೋರಿಸಿದರು: ಇಳಿದದ್ದು ಅಲ್ಲಿ. ನಮ್ಮ ಬುತ್ತಿ ಗಂಟೇ ಅಲ್ಲವಾ ಅಣ್ಣ?

ತುಂಗೆಯ ತಟದಿಂದ (ಹ್ಯೂಸ್ಟನ್) | ಮೇ 19, ಬೆಳಿಗ್ಗೆ 6:50

ಬುತ್ತಿ ಅಂದಿರಿ, ಜಾಝ್ ತುತ್ತೂರಿಯ ಲೂಯಿ ಆರ್ಮ್‌ಸ್ಟ್ರಾಂಗ್ ನೆನಪಾದರು. 1922ರ ಆಗಸ್ಟ್‌ನಲ್ಲಿ ಬ್ಯಾಂಡ್ ಮುಖ್ಯಸ್ಥ ಕಿಂಗ್ ಆಲಿವರ್ ಶಿಕಾಗೊಗೆ ಕರೆಸಿಕೊಂಡಾಗ ಅವರೂ ನ್ಯೂ ಆರ್ಲಿಯನ್ಸ್‌ನಿಂದ ಅದೇ ಇಲಿನಾಯ್ ಸೆಂಟ್ರಲ್ ಹತ್ತಿದ್ದು. ವಯಸ್ಸು ಇಪ್ಪತ್ತೊಂದು. ತಾಯಿ ಕಟ್ಟಿಕೊಟ್ಟದ್ದು ಮೀನಿನ ಸ್ಯಾಂಡ್‌ವಿಚ್. ಜಾಝೂ ಬ್ಲೂಸೂ ಒಂದೇ ಪ್ಲಾಟ್‌ಫಾರ್ಮಿನಲ್ಲಿ ಇಳಿದವು ಅಂದರೆ ತಪ್ಪಲ್ಲ.

ನಾನು ನ್ಯೂ ಆರ್ಲಿಯನ್ಸ್ ಜಾಝ್ ಫೆಸ್ಟ್‌ಗೆ ನಾಲ್ಕು ಸಲ ಹೋಗಿದ್ದೇನೆ. ಏಪ್ರಿಲ್ ಕೊನೆ, ಮೇ ಮೊದಲು, ಎರಡು ವಾರಾಂತ್ಯ, ಕುದುರೆ ಓಟದ ಮೈದಾನದಲ್ಲಿ. 1970ರಲ್ಲಿ ಕಾಂಗೊ ಚೌಕದಲ್ಲಿ ಶುರುವಾದಾಗ ಕೇಳುಗರು ಸುಮಾರು 350, ನುಡಿಸುವವರು ಅದರ ಎರಡರಷ್ಟು! ಜಾಝ್‌ನ ಡ್ಯೂಕ್ ಎಲಿಂಗ್ಟನ್, ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಗಾಯಕಿ ಮಹೇಲಿಯಾ ಜಾಕ್ಸನ್ ಬಂದಿದ್ದರು. ಗುಲಾಮರಾಗಿದ್ದ ಆಫ್ರಿಕನ್ನರು ಭಾನುವಾರ ಸೇರಿ ಡೋಲು ಬಾರಿಸಿ ಕುಣಿಯುತ್ತಿದ್ದ ಚೌಕ ಅದು. ಈಗ ಅಲ್ಲಿನ ಟಿಕೆಟ್ ದುಬಾರಿ, ನಾಲ್ಕು ಜನರ ಸಂಸಾರಕ್ಕೆ ಭಾರವೇ. ಆದರೂ ಗಾಸ್ಪೆಲ್ ಡೇರೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಯಾವುದೋ ಸಣ್ಣ ಚರ್ಚಿನ ಮಕ್ಕಳು ಹಾಡುತ್ತಾರಲ್ಲ, ಅದಕ್ಕಾಗಿ ಇನ್ನೊಮ್ಮೆ ದುಡ್ಡು ಕೊಟ್ಟೇನು. ಮೇಡಂ ಹೇಳಿದ ಮಾತು ಅಲ್ಲಿಗೂ ಸಲ್ಲುತ್ತದೆ: ಬೇಗ ಹೋಗಬೇಕು.

ಬಂಟ್ವಾಳ ಪೇಟೆ | ಮೇ 19, ಸಂಜೆ 5:20

ಜಾಝ್ ಉತ್ಸವದ ಮಾತು ಬಂದಾಗ ನಮ್ಮ ಸಜೀಪಮೂಡದವರನ್ನು ಬಿಟ್ಟರೆ ಹೇಗೆ ಮಾರಾಯ್ರೆ? ಕದ್ರಿ ಗೋಪಾಲನಾಥರು. ನಾಗಸ್ವರದ ಮನೆಯ ಹುಡುಗ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಹಿಂದೆ ಬಿದ್ದವರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅವರು ನುಡಿಸಿದ್ದನ್ನು ಕೇಳಿ ಕ್ಯಾಲಿಫೋರ್ನಿಯಾದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಾನೇ ಬಂದು “ನಿಮ್ಮ ಜೊತೆ ವೇದಿಕೆಯಲ್ಲಿ ನುಡಿಸಬಹುದಾ” ಅಂತ ಕೇಳಿದ್ದು. 1994ರಲ್ಲಿ ಲಂಡನ್ನಿನ ದೊಡ್ಡ ಸಂಗೀತೋತ್ಸವ ಬಿಬಿಸಿ ಪ್ರಾಮ್ಸ್‌ಗೂ ಹೋದರು.

ಶಿಕಾಗೊಗೂ ಒಂದು ಕೊಂಡಿ ಉಂಟು. ರುದ್ರೇಶ್ ಮಹಾಂತಪ್ಪ, ಕರ್ನಾಟಕ ಮೂಲದ ತಂದೆ‑ತಾಯಿಯ ಮಗ, ಜಾಝ್ ಆಲ್ಟೊ ಸ್ಯಾಕ್ಸ್ ವಾದಕ, ಓದಿದ್ದು ಶಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ. ಅವರು ಕದ್ರಿಯವರನ್ನು ಹುಡುಕಿಕೊಂಡು ಬಂದು ಜೊತೆಗೆ ನುಡಿಸಿ 2008ರಲ್ಲಿ ಆಲ್ಬಮ್ ತಂದರು. ಎರಡೂ ಆಲ್ಟೊ ಸ್ಯಾಕ್ಸ್, ವಿದುಷಿ ಎ. ಕನ್ಯಾಕುಮಾರಿ ಅವರ ಪಿಟೀಲು. ನಾನು ಕದ್ರಿಯವರನ್ನು ಜಾತ್ರೆಯ ಕಟ್ಟೆಯ ಮೇಲೆ ಕೂತು ಕೇಳಿದವ. ರಾತ್ರಿ ಹನ್ನೆರಡು ಕಳೆದರೂ ಒಬ್ಬರೂ ಏಳಲಿಲ್ಲ. ಅದಕ್ಕೂ ಟಿಕೆಟ್ ಇರಲಿಲ್ಲ.

ಶನಿವಾರ ಸಂಜೆ | ಮೇ 19, ರಾತ್ರಿ 9:45

ಎಲ್ಲ ಓದಿದೆ. ಖಂಡಛಾಪು ಹೇಳಿದ ಹಾಗೆ ಎಣಿಸಿಕೊಂಡು ಇವತ್ತು ಕಾರಿನಲ್ಲಿ ಒಂದು ಗಂಟೆ ಕೇಳಿದೆ. ಐದನೇ ಬಾರ್‌ನಲ್ಲಿ ನೆಲ ಜರುಗುವುದು ಗೊತ್ತಾಗತೊಡಗಿತು. ಧನ್ಯವಾದ.

ಒಂದು ಆತಂಕ ಮಾತ್ರ ಉಳಿದಿದೆ. ಎಲ್ಲವೂ ಪುಕ್ಕಟೆ ಆದರೆ ವರ್ಷವಿಡೀ ಕ್ಲಬ್ಬಿನಲ್ಲಿ ನುಡಿಸುವವರ ಗತಿ? ಜನಕ್ಕೆ ದುಡ್ಡು ಕೊಟ್ಟು ಕೇಳುವ ಅಭ್ಯಾಸವೇ ತಪ್ಪುವುದಿಲ್ಲವೇ?

ಸರೋವರದ ದಂಡೆ | ಮೇ 19, ರಾತ್ರಿ 10:30

ಈ ಆತಂಕ ನನಗೂ ಇದೆ. ಕಲಾವಿದರಿಗೆ ನಗರ ದುಡ್ಡು ಕೊಡುತ್ತೆ. ಆದರೆ ಮೂರ್ನಾಲ್ಕು ದಿನದ ಸಂಭಾವನೆಯಿಂದ ವರ್ಷದ ಬಾಡಿಗೆ ಕಟ್ಟೋಕೆ ಆಗಲ್ಲ. ನಾನು ಎರಡು ಕೆಲಸ ಮಾಡ್ತೀನಿ. ಇಷ್ಟವಾದವರ ಸಿಡಿಯನ್ನ ಅಲ್ಲೇ ಮೇಜಿನ ಹತ್ತಿರ ಅವರ ಕೈಯಿಂದಲೇ ಕೊಳ್ತೀನಿ. ಆಮೇಲೆ ಎರಡು ತಿಂಗಳಿಗೊಮ್ಮೆಯಾದರೂ ಕ್ಲಬ್ಬಿಗೆ ಹೋಗಿ, ಬಾಗಿಲಲ್ಲಿ ದುಡ್ಡು ಕೊಟ್ಟು ಕೇಳ್ತೀನಿ. ರೋಸಾಸ್ ಲೌಂಜ್ ಇದೆ, ಬಡ್ಡಿ ಗೈ ಅವರ ಲೆಜೆಂಡ್ಸ್ ಇದೆ. ಹಗಲು ನೋಡಿದ ಮುಖಗಳು ಅಲ್ಲೂ ಸಿಗ್ತವೆ. ಬಾಬ್ ಸ್ಟ್ರೋಗರ್ ಅಂತ ಬೇಸ್ ಗಿಟಾರಿನವರು, 1930ರಲ್ಲಿ ಹುಟ್ಟಿದವರು. ತೊಂಬತ್ತು ದಾಟಿದ ಮೇಲೂ ಸೂಟು, ಟೋಪಿ ಹಾಕಿ ನಿಂತು ನುಡಿಸಿದರು. ಹಾರ್ಮೋನಿಕಾದ ಬಿಲ್ಲಿ ಬ್ರಾಂಚ್ 1978ರಿಂದ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಬ್ಲೂಸ್ ಕಲಿಸ್ತಿದ್ದಾರೆ. ಇಂಥವರ ಹೆಸರು ಕಾರ್ಯಕ್ರಮ ಪಟ್ಟಿಯಲ್ಲಿ ಕಂಡರೆ ಬಿಡಬೇಡಿ.

ಇನ್ನೊಂದು ನೆನಪು. 2011ರ ಉತ್ಸವದಲ್ಲಿ ಗಾಯಕಿ ಶಮೀಕಿಯಾ ಕೋಪ್‌ಲ್ಯಾಂಡ್ ತಲೆಗೆ ‘ಬ್ಲೂಸ್ ರಾಣಿ’ ಕೋಕೊ ಟೇಲರ್ ಅವರ ಕಿರೀಟವನ್ನ ಕೋಕೊ ಅವರ ಮಗಳೇ ತೊಡಿಸಿದರು. ಕೋಕೊ ತೀರಿಕೊಂಡು ಎರಡು ವರ್ಷವಾಗಿತ್ತು. ಟೆನೆಸಿಯಿಂದ ಶಿಕಾಗೊಗೆ ಬಂದಾಗ ಗಂಡ‑ಹೆಂಡಿರ ಹತ್ತಿರ ಇದ್ದದ್ದು ಮೂವತ್ತೈದು ಸೆಂಟ್, ಒಂದು ಪೊಟ್ಟಣ ಬಿಸ್ಕತ್ತು ಅಂತ ಅವರೇ ಹೇಳಿಕೊಂಡಿದ್ದರು. ಕಂಡವರ ಮನೆಗಳಲ್ಲಿ ಕೆಲಸ ಮಾಡಿಕೊಂಡು ಹಾಡಿದ ಹೆಂಗಸು. ಆ ಕಿರೀಟ ಕೈಯಿಂದ ಕೈಗೆ ದಾಟಿದ್ದೂ ಟಿಕೆಟ್ ಇಲ್ಲದ ಜನರ ಎದುರಿಗೇ.

ಗದಗಿನಾಂವ | ಜೂನ್, ಉತ್ಸವದ ಮರುದಿನ, ರಾತ್ರಿ 8:15

ಹೋಗಿ ಬಂದ್ವಿ ರಿ ಅಕ್ಕಾರ. ಹೇಳಿದ್ಹಂಗ ಒಂದಕ್ಕ ಮುಟ್ಟಿದ್ವಿ. ಅವ್ವ ಮೊದಲ ಅರ್ಧ ತಾಸು ಸುಮ್ಮನ ಕುಂತಿದ್ಲು, ಕಿವಿಗೆ ಸೆರಗ ಮುಚ್ಚಿಕೊಂಡು. ಸ್ಪೀಕರ್ ಜೋರು ಇತ್ತು. ಮಿಸಿಸಿಪ್ಪಿ ವೇದಿಕಿ ಕಡೆ ಹೋದ್ವಿ, ಅಲ್ಲಿ ಒಬ್ಬಾಕಿ ಬರೀ ಒಂದು ಗಿಟಾರ್ ಹಿಡಕೊಂಡು ಕುಂತು ಹಾಡತಿದ್ಲು, ಕಾಲಿಂದ ಹಲಗಿ ಬಡೀತಿದ್ಲು. ಅವ್ವ ಸೆರಗ ತಗದ್ಲು. ಎರಡು ಹಾಡು ಆದ ಮ್ಯಾಲ ನನ್ನ ತೋಳ ಹಿಡದು, “ಈಕಿ ಬೀಸಾಕ ಕುಂತಾಳ ನೋಡು” ಅಂದ್ಲು. ಒಂದು ಮಾತೂ ತಿಳಿದಿರಲಿಲ್ಲ ಆಕಿಗೆ. “ಎರಡು ಸಲ ಕೇಳಿದ್ಲು, ಮೂರನೇದಕ್ಕ ತಾನ ಉತ್ತರ ಕೊಟ್ಲು” ಅಂದ್ಲು. ನಾನು ನಿಮ್ಮ ಬರಹ ಆಕಿಗೆ ಓದಿ ಹೇಳಿರಲಿಲ್ಲ ರಿ, ದೇವರಾಣಿ.

ವಾಪಸ್ ರೈಲಿನ್ಯಾಗ ಕಿಡಕಿ ಕಡೆ ಮುಖ ಮಾಡಿ, ಬಲಗೈ ಗೂಟ ತಿರುವಿದ್ಹಂಗ ತೊಡಿ ಮ್ಯಾಲ ತಿರುವಿಕೋತ, ಸಣ್ಣ ದನಿಲೆ ಪದ ಹಾಡಕೋತ ಬಂದ್ಲು. ಮೂವತ್ತು ವರ್ಷ ಆಗಿತ್ತು ನಾ ಅದನ್ನ ಕೇಳಿ. ಫೋನ್ ತಗದು ರೆಕಾರ್ಡ್ ಮಾಡಬೇಕಂತ ಅನಿಸ್ತು, ಮಾಡಲಿಲ್ಲ. ಮಾಡಿದ್ರ ನಿಲ್ಲಸ್ತಿದ್ಲು.

ಸರೋವರದ ದಂಡೆ | ಅದೇ ರಾತ್ರಿ 8:40

ಅಣ್ಣ, ಕಣ್ಣು ತುಂಬಿ ಬಂತು. ಆಗಸ್ಟ್ ತನಕ ಅಮ್ಮ ಇರ್ತಾರೆ ಅಂದಿದ್ದಿರಿ. ಲೇಬರ್ ಡೇ (ಸೆಪ್ಟೆಂಬರ್‌ನ ಮೊದಲ ಸೋಮವಾರ) ವಾರಾಂತ್ಯಕ್ಕೆ ಈಗ ಇದೇ ಪಾರ್ಕಿನಲ್ಲಿ ಜಾಝ್ ಉತ್ಸವ, 1979ರಿಂದ ನಡೀತಿದೆ, ಅದೂ ಪುಕ್ಕಟೆ. ಅವರ ಟಿಕೆಟ್ ಒಂದು ವಾರ ಮುಂದಕ್ಕೆ ಹಾಕೋಕೆ ಆಗುತ್ತಾ ನೋಡ್ತೀರಾ?

ಗದಗಿನಾಂವ | ಅದೇ ರಾತ್ರಿ 8:52

ಏಜೆಂಟಗ ಫೋನ್ ಹಚ್ಚೀನಿ ರಿ.